ಒಬ್ಬಳು ಉಣ್ಣದ ಮನೆ

ತುಮಕೂರು ಜಿಲ್ಲೆಯ ಹುಲಿಕುಂಟೆ ಹೋಬಳಿಯಿಂದ ಹಿಡಿದು ಮಧುಗಿರಿ, ಕೊರಟಗೆರೆ, ಪಾವಗಡದವರೆಗಿನ ಸೀಮೆಗೆ ಹಸಿವು ಹೊಸದಲ್ಲ. ಮಳೆ ಕೈಕೊಟ್ಟ ವರ್ಷ ಕಡ್ಲೆಕಾಯಿ ಹೊಲದಲ್ಲೇ ಒಣಗುತ್ತದೆ, ರಾಗಿ ಕಣ ಸೇರುವುದಿಲ್ಲ. 1876ರಿಂದ 78ರವರೆಗಿನ ಧಾತು, ಈಶ್ವರ ಸಂವತ್ಸರಗಳ ಬರದಲ್ಲಿ ಮೈಸೂರು ಸಂಸ್ಥಾನದ ಸುಮಾರು ಐದರಲ್ಲೊಂದು ಪಾಲು ಜನ ಅಳಿದುಹೋದರು. ಇಂಥ ನೆಲದಲ್ಲಿ ಉಪವಾಸವೆಂದರೆ ಒಂದೋ ವ್ರತ, ಇಲ್ಲವೇ ಬಡತನ. ಮನೆಯಲ್ಲಿ ಹಿಟ್ಟು, ಸಾರು ಎಲ್ಲ ಇದ್ದೂ ಹದಿನೈದರ ಮಗಳು ತಿಂಗಳುಗಟ್ಟಲೆ ‘ನಂಗೆ ಬ್ಯಾಡ’ ಎಂದರೆ ಹಿರಿಯರಿಗೆ ಹೊಳೆಯುವ ಕಾರಣ ಎರಡೇ: ಕೊಬ್ಬು, ಇಲ್ಲವೇ ಗಾಳಿ ಸೋಕು.

ಮೂರನೆಯ ಕಾರಣವೊಂದಿದೆ, ಕಾಯಿಲೆ. ಅದು ಒಬ್ಬಳನ್ನು ಹಿಡಿದಂತೆ ಕಂಡರೂ ಮನೆಮಂದಿಯನ್ನೆಲ್ಲ ಹಣ್ಣು ಮಾಡುತ್ತದೆ. ಹಾಗಾದರೆ ಮನೆಯವರು ಈ ಕಾಯಿಲೆಗೆ ಕಾರಣರೋ, ಅದರ ಬಲಿಗಳೋ, ಅದಕ್ಕೆ ಮದ್ದೋ? ಈ ಪ್ರಶ್ನೆಗೆ ಕೊಡುವ ಉತ್ತರದ ಮೇಲೆ ಮಗಳ ಜೀವ ನಿಂತಿರುತ್ತದೆ.

ಧಾತು ಬರಕ್ಕೆ ಮೂರು ವರ್ಷ ಮೊದಲು, 1873ರಲ್ಲಿ, ಪ್ಯಾರಿಸ್ಸಿನ ವೈದ್ಯ ಶಾರ್ಲ್ ಲಾಸೆಗ್ ಊಟ ಬಿಟ್ಟ ಹೆಣ್ಣುಮಕ್ಕಳ ಬಗ್ಗೆ ಒಂದು ಲೇಖನ ಬರೆದ. ಅದೇ ಹೊತ್ತಿಗೆ ಲಂಡನ್ನಿನ ವಿಲಿಯಂ ಗಲ್ ಇದಕ್ಕೆ ಅನೊರೆಕ್ಸಿಯ ನರ್ವೋಸ ಎಂದು ಹೆಸರಿಟ್ಟ. ಲಾಸೆಗ್‌ನ ಹೆಚ್ಚುಗಾರಿಕೆಯೆಂದರೆ ಅವನು ರೋಗಿಯ ಜೊತೆಗೆ ಮನೆಯವರನ್ನೂ ಗಮನಿಸಿದ್ದು. ಅವರು ಮೊದಲು ಅಂಗಲಾಚುತ್ತಾರೆ, ಆಮೇಲೆ ಗದರುತ್ತಾರೆ, ಎರಡೂ ನಡೆಯುವುದಿಲ್ಲ ಎಂದು ಅವನು ಕಂಡ. ನಮ್ಮ ಕಡೆಯ ಯಾವ ಮನೆಯಲ್ಲೂ ಇಷ್ಟೇ ನಡೆಯುತ್ತದೆ.

ಹುಲಿಕುಂಟೆ ಕಡೆಯ ಅಂಥದೊಂದು ಮನೆಯನ್ನು ಊಹಿಸಿಕೊಳ್ಳೋಣ. ಅವ್ವ ಬಿಸಿ ಮುದ್ದೆ ತೊಳಸಿ ತಟ್ಟೆಗಿಡುತ್ತಾಳೆ. ಮಗಳು ಅದನ್ನು ಎರಡು ಮಾಡಿ, ಅರ್ಧವನ್ನು ಯಾರೂ ನೋಡದಾಗ ಎಮ್ಮೆಯ ಕಲಗಚ್ಚಿನ ಬಾನಿಗೆ ಬಿಡುತ್ತಾಳೆ. ಸಾರಿನಲ್ಲಿ ತೇಲುವ ಒಗ್ಗರಣೆಯ ಎಣ್ಣೆಯನ್ನು ಬೆರಳಲ್ಲಿ ಬದಿಗೆ ಸರಿಸುತ್ತಾಳೆ. ಮನೆಯಲ್ಲಿ ‘ಸ್ಕೂಲಲ್ಲಿ ಬಿಸಿಯೂಟ ಆಯ್ತು’ ಎನ್ನುತ್ತಾಳೆ, ಸ್ಕೂಲಲ್ಲಿ ‘ಮನೆಯಿಂದ ಉಂಡು ಬಂದೆ’ ಎನ್ನುತ್ತಾಳೆ. ಶನಿವಾರದ ಒಪ್ಪೊತ್ತಿಗೆ ಸೋಮವಾರವೂ ಸೇರಿಕೊಂಡರೆ ಅಜ್ಜಿಗೆ ಸಂತೋಷವೇ: ಮೊಮ್ಮಗಳಿಗೆ ದೇವರೆಂದರೆ ಭಕ್ತಿ! ಮುಟ್ಟು ನಿಂತಾಗ, ತಲೆ ಸುತ್ತಿ ಬಿದ್ದಾಗ ‘ರಕ್ತ ಕಮ್ಮಿ’ ಎಂದು ಟಾನಿಕ್ ಬರುತ್ತದೆ. ರಾಜ್ಯದಲ್ಲಿ ಈ ವಯಸ್ಸಿನ ಹೆಣ್ಣುಮಕ್ಕಳಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ರಕ್ತಹೀನತೆ ಇರುವಾಗ ಆ ಗುಂಪಿನಲ್ಲಿ ಇವಳೊಬ್ಬಳು ಎದ್ದು ಕಾಣುವುದೂ ಇಲ್ಲ.

ಕಾಯಿಲೆ ಬಯಲಾಗುವ ಹೊತ್ತಿಗೆ ಮನೆಯಲ್ಲಿ ಮೂರು ಕಾನೂನು ಜಾರಿಯಲ್ಲಿರುತ್ತವೆ. ಅವ್ವ ‘ಒಂದು ತುತ್ತು ಉಣ್ಣೇ ತಾಯಿ’ ಎಂದು ಹಿಂದೆ ಹಿಂದೆ ತಿರುಗುತ್ತಾಳೆ. ಅಪ್ಪ ಎರಡು ದಿನ ಸುಮ್ಮನಿದ್ದು ಮೂರನೆಯ ದಿನ ತಟ್ಟೆ ಎತ್ತಿ ಎಸೆಯುತ್ತಾನೆ. ಅಜ್ಜಿ ‘ಮಗೀನ ಯಾಕೆ ಬೈತೀಯ’ ಎಂದು ಎರಡು ಬಿಸ್ಕತ್ತು ಕೊಟ್ಟು ಊಟದಿಂದ ಎಬ್ಬಿಸಿ ಕಳಿಸುತ್ತಾಳೆ. ರಾತ್ರಿ ‘ನೀನು ಸಲಿಗೆ ಕೊಟ್ಟೆ’, ‘ನೀನು ಹೆದರಿಸಿದೆ’ ಎಂಬ ಜಗಳ. ಬೀಗರು, ನೆಂಟರು ಬೊಟ್ಟು ಮಾಡುವುದು ಮಾತ್ರ ಅಡಿಗೆ ಮಾಡುವವಳ ಕಡೆಗೇ. ಈ ಗಲಾಟೆಯಲ್ಲಿ ಎಲ್ಲರೂ ಮರೆತವನು ತಮ್ಮ. ಅವನು ಉಂಡನೋ, ಓದಿದನೋ ಕೇಳುವವರಿಲ್ಲ. ಅಕ್ಕನ ಗುಟ್ಟು ಕಾಯುವ, ಅಕ್ಕನ ಮೇಲೆ ಚಾಡಿ ಹೇಳುವ ಎರಡು ಕೆಲಸವೂ ಅವನ ತಲೆಗೇ. ಹಬ್ಬಕ್ಕೆ ಹೋಳಿಗೆ ಮಾಡಲು ಮನಸ್ಸು ಬರುವುದಿಲ್ಲ, ಮದುವೆ ಮನೆಗೆ ಹೋಗಲು ಧೈರ್ಯವಿಲ್ಲ. ‘ಹುಡುಗಿಗೆ ತಲೆ ಸರಿಯಿಲ್ಲವಂತೆ’ ಎಂಬ ಮಾತು ಹಬ್ಬಿದರೆ ನಾಳೆ ಗಂಡು ಬರುವುದಿಲ್ಲವೆಂಬ ಭಯಕ್ಕೆ ಆಸ್ಪತ್ರೆಯೂ ಮುಂದಕ್ಕೆ ಹೋಗುತ್ತದೆ.

ಇಷ್ಟು ನೋಡಿದವರಿಗೆ ಮನೆಯೇ ಕಾರಣ ಎನಿಸುವುದು ಸಹಜ. ಪಶ್ಚಿಮದ ಮನೋವೈದ್ಯರೂ ಬಹುಕಾಲ ಹಾಗೇ ಅಂದುಕೊಂಡಿದ್ದರು. ಅಮೆರಿಕದ ಸಾಲ್ವಡೋರ್ ಮಿನೂಚಿನ್ 1978ರಲ್ಲಿ ಸಂಗಡಿಗರೊಂದಿಗೆ ಬರೆದ ಪುಸ್ತಕದಲ್ಲಿ ಒಂದು ಬಗೆಯ ಕುಟುಂಬಗಳಲ್ಲೇ ಈ ರೋಗ ಬೇರೂರುತ್ತದೆ ಎಂದು ವಾದಿಸಿದ. ಈಗ ಆ ವಾದ ಹಾಗೆಯೇ ನಿಂತಿಲ್ಲ. ಅವಳಿಗಳ ಅಧ್ಯಯನಗಳು ವಂಶವಾಹಿಯ ಪಾಲು ದೊಡ್ಡದೆಂದು ತೋರಿಸಿವೆ. ‘ದಪ್ಪ ಆದೆ ಕಣೇ’ ಎನ್ನುವ ಅತ್ತೆಯ ಮಾತು, ಮೊಬೈಲಿನಲ್ಲಿ ಕಾಣುವ ಮೈಕಟ್ಟು, ಎಸ್ಸೆಸ್ಸೆಲ್ಸಿಯ ಒತ್ತಡ, ಇವೆಲ್ಲ ಕಿಡಿ ಹಚ್ಚಬಹುದು. ಆದರೆ ಅದೇ ಮಾತು ಕೇಳಿಕೊಂಡೇ ನೂರು ಹುಡುಗಿಯರು ಚೆನ್ನಾಗಿ ಉಂಡು ಬೆಳೆಯುತ್ತಾರೆ. ಮನೆಯ ಜಗಳವನ್ನು ಕಾರಣವೆಂದು ಓದುವವರು ಬಹುಪಾಲು ಪರಿಣಾಮವನ್ನು ನೋಡುತ್ತಿರುತ್ತಾರೆ.

ಮಗಳ ಸಿಡುಕನ್ನೂ ಹೀಗೆಯೇ ತಪ್ಪಾಗಿ ಓದುತ್ತೇವೆ. 1944–45ರಲ್ಲಿ ಮಿನ್ನೆಸೋಟ ವಿಶ್ವವಿದ್ಯಾಲಯದ ಆನ್ಸೆಲ್ ಕೀಸ್ 36 ಮಂದಿ ಆರೋಗ್ಯವಂತ ಯುವಕರನ್ನು ಅವರ ಒಪ್ಪಿಗೆ ಪಡೆದು ಸುಮಾರು ಆರು ತಿಂಗಳು ಅರೆಹೊಟ್ಟೆಯಲ್ಲಿಟ್ಟು ನೋಡಿದರು. ತೂಕ ಕಾಲು ಭಾಗದಷ್ಟು ಇಳಿಯಿತು. ಜೊತೆಗೆ ಆ ಗಟ್ಟಿಗರು ಸಿಡುಕರಾದರು, ಗೆಳೆಯರಿಂದ ದೂರವಾದರು, ಹಗಲಿರುಳು ಊಟದ ಧ್ಯಾನದಲ್ಲೇ ಮುಳುಗಿ ಅಡುಗೆ ಪುಸ್ತಕ ಕೂಡಿಡತೊಡಗಿದರು. ತಾನು ಉಣ್ಣದೆ ತಮ್ಮನಿಗೆ ಬಗೆಬಗೆಯಾಗಿ ಮಾಡಿ ಬಡಿಸುವ ಹುಡುಗಿಯ ನಡತೆಗೆ ಇಲ್ಲಿ ವಿವರಣೆಯಿದೆ. ಹಸಿದ ಮಿದುಳಿಗೆ ಬುದ್ಧಿವಾದ ನಾಟುವುದಿಲ್ಲ. ಅದಕ್ಕೆ ಮೊದಲು ಬೇಕಾದ್ದು ಅನ್ನ.

ಇದು ಪೇಟೆಯ ಸಿರಿವಂತರ ಕಾಯಿಲೆ, ನಮ್ಮ ಹಳ್ಳಿಗೇಕೆ ಬಂದೀತು ಎನ್ನುವವರಿದ್ದಾರೆ. ಬೆಂಗಳೂರಿನ ನಿಮ್ಹಾನ್ಸ್‌ನ ಪ್ರಭಾ ಚಂದ್ರ ಮತ್ತು ಸಂಗಡಿಗರು 2012ರಲ್ಲಿ ಪ್ರಕಟಿಸಿದ, ಬೆಂಗಳೂರಿನ ಮನೋವೈದ್ಯರನ್ನು ಕೇಳಿ ನಡೆಸಿದ ಸಮೀಕ್ಷೆಯಲ್ಲಿ ಮೂರರಲ್ಲಿ ಇಬ್ಬರು ಇಂಥ ರೋಗಿಯನ್ನು ಕಂಡಿದ್ದಾಗಿ ಹೇಳಿದ್ದರು. ನಮ್ಮ ದೇಶದ ರೋಗಿಗಳಲ್ಲಿ ಹಲವರು ದಪ್ಪವಾಗುವ ಭಯವನ್ನು ಬಾಯಿಬಿಟ್ಟು ಹೇಳುವುದೇ ಇಲ್ಲ. ಹೊಟ್ಟೆಯುರಿ, ಗ್ಯಾಸ್ಟ್ರಿಕ್, ಹಸಿವೇ ಇಲ್ಲ ಎನ್ನುತ್ತಾರೆ. ಕಣ್ಣಿಗೆ ಬೀಳುವ ಲಕ್ಷಣವೇ ಬೇರೆಯಾದಾಗ ಕಾಯಿಲೆ ಇಲ್ಲವೆನ್ನಲು ಆಗುವುದಿಲ್ಲ. ಗಂಡುಹುಡುಗರಿಗೂ ಇದು ಬರುತ್ತದೆ. ಅವರನ್ನು ಅನುಮಾನಿಸುವವರು ಇನ್ನೂ ಕಡಿಮೆ.

ಮನೆ ಕಾರಣವಲ್ಲದಿದ್ದರೂ ಮದ್ದು ಆಗಬಲ್ಲದು. ಲಂಡನ್ನಿನ ಮಾಡ್ಸ್ಲಿ ಆಸ್ಪತ್ರೆಯ ವೈದ್ಯರು 1980ರ ದಶಕದಲ್ಲಿ ಹಳೆಯ ವಾದವನ್ನು ತಿರುಗಿಸಿ ಹಾಕಿದರು. ಅವರ ಪದ್ಧತಿಯಲ್ಲಿ ತಂದೆತಾಯಿಯನ್ನು ಹೊರಗಿಡುವುದಿಲ್ಲ. ಮಗು ಏನು, ಎಷ್ಟು ಉಣ್ಣಬೇಕೆಂಬ ತೀರ್ಮಾನವನ್ನು ಕೆಲಕಾಲ ಅವರಿಗೇ ಒಪ್ಪಿಸುತ್ತಾರೆ. ತೂಕ ಮರಳಿದಂತೆ ಅಧಿಕಾರವನ್ನು ಮಗುವಿಗೆ ಹಿಂತಿರುಗಿಸುತ್ತಾರೆ. ಹದಿಹರೆಯದವರಲ್ಲಿ ಚೆನ್ನಾಗಿ ಫಲ ಕೊಟ್ಟ ಪದ್ಧತಿಯಿದು. ಇದರ ಜೀವಾಳ ಹಿರಿಯರ ಒಂದೇ ಮಾತು. ಅವ್ವ, ಅಪ್ಪ, ಅಜ್ಜಿ ಮೂವರೂ ಬೈಯದೆ, ಬೇಡದೆ, ಒಂದೇ ಅಳತೆ ಹೇಳಿದರೆ ಕಾಯಿಲೆಗೆ ನುಸುಳಲು ಸಂದಿ ಸಿಗುವುದಿಲ್ಲ.

ಇದಕ್ಕೆ ಬಲವಾದ ಆಕ್ಷೇಪವೊಂದಿದೆ. ಹೊತ್ತುಹೊತ್ತಿಗೆ ಮಗಳ ಪಕ್ಕ ಕೂರಲು ಕೂಲಿಗೆ ಹೋಗುವ ತಾಯಿಗೆ ಬಿಡುವೆಲ್ಲಿ? ಅಪ್ಪ ಬೆಂಗಳೂರಿನ ಪೀಣ್ಯದಲ್ಲಿ ದುಡಿಯುತ್ತಿದ್ದರೆ ಒಂದೇ ಮಾತು ಆಡುವುದು ಯಾರ ಜೊತೆ? ಆಕ್ಷೇಪ ನಿಜ, ಆದರೆ ಅದು ಪದ್ಧತಿಯನ್ನು ಬಿಡಲು ಕಾರಣವಲ್ಲ, ಮನೆಯನ್ನು ದೊಡ್ಡದು ಮಾಡಲು ಕಾರಣ. ನಮ್ಮಲ್ಲಿ ಅಜ್ಜಿ, ಚಿಕ್ಕಮ್ಮ ಇದ್ದಾರೆ. ಹೈಸ್ಕೂಲಿನವರೆಗೂ ಮಧ್ಯಾಹ್ನದ ಬಿಸಿಯೂಟವಿದೆ. ಒಬ್ಬ ಟೀಚರು ಜೊತೆಗೆ ಕೂತು ಉಂಡರೆ ಒಂದು ಹೊತ್ತಿನ ಹೊಣೆ ತಾಯಿಯ ಹೆಗಲಿಂದ ಇಳಿಯುತ್ತದೆ. ಆಶಾ ಕಾರ್ಯಕರ್ತೆ ತಿಂಗಳಿಗೊಮ್ಮೆ ತೂಕ ನೋಡಬಹುದು.

ಇಷ್ಟಾದರೂ ವೈದ್ಯರಿಲ್ಲದೆ ನಡೆಯದು. ಬಹಳ ದಿನ ಹಸಿದ ಮೈಗೆ ಒಮ್ಮೆಲೇ ತುಂಬ ಉಣಿಸಿದರೆ ರಕ್ತದ ಲವಣಗಳು ಏರುಪೇರಾಗಿ ಹೃದಯವೇ ನಿಲ್ಲಬಹುದು. ನಾಡಿ ನಿಧಾನವಾದರೆ, ಕಾಲು ಊದಿದರೆ, ಎಚ್ಚರ ತಪ್ಪಿದರೆ ಯಂತ್ರ ಕಟ್ಟಿಸುತ್ತ ಕೂರದೆ ಆಸ್ಪತ್ರೆಗೆ ಓಡಬೇಕು. ನಿಮ್ಹಾನ್ಸ್ ಹುಲಿಕುಂಟೆ ಕಡೆಯಿಂದ ನೂರು ಕಿಲೋಮೀಟರಿಗೂ ಹೆಚ್ಚು ದೂರ. ಆದರೆ 2022ರ ಅಕ್ಟೋಬರಿನಲ್ಲಿ ಶುರುವಾದ ಟೆಲಿ ಮನಸ್ ಸಹಾಯವಾಣಿಯ 14416 ನಂಬರಿಗೆ ಯಾವ ಊರಿಂದಲಾದರೂ ಪುಕ್ಕಟೆ ಫೋನ್ ಮಾಡಿ ಕನ್ನಡದಲ್ಲೇ ಮಾತಾಡಬಹುದು.

ಮನೆಯವರನ್ನು ಆರೋಪಿಗಳೆಂದು ಕಂಡರೆ ಅವರು ಮುಚ್ಚಿಡುತ್ತಾರೆ, ಬರಿಯ ಪ್ರೇಕ್ಷಕರೆಂದು ಕಂಡರೆ ಕೈಚೆಲ್ಲುತ್ತಾರೆ. ಅವರು ದಣಿದವರು ಮತ್ತು ಅವರೇ ಆರೈಕೆ ಮಾಡಬೇಕಾದವರು ಎಂಬ ಎರಡನ್ನೂ ಒಟ್ಟಿಗೆ ಒಪ್ಪಿಕೊಂಡಾಗ ಮಾತ್ರ ಚಿಕಿತ್ಸೆ ಸರಿದಾರಿಗೆ ಬರುತ್ತದೆ. ಹುಡುಗಿಯ ತೂಕ ಬರೆದುಕೊಳ್ಳುವ ವೈದ್ಯರು ಅದೇ ಚೀಟಿಯಲ್ಲಿ ತಾಯಿಗೆ ನಿದ್ದೆ ಬರುತ್ತಿದೆಯೇ, ತಮ್ಮ ಸ್ಕೂಲಿಗೆ ಹೋಗುತ್ತಿದ್ದಾನೆಯೇ, ಕೂಲಿ ಎಷ್ಟು ದಿನ ತಪ್ಪಿತು ಎಂಬುದನ್ನೂ ಕೇಳಿ ಬರೆಯಬೇಕು. ಅದನ್ನು ಕೇಳದೆ ‘ಮನೇಲಿ ಚೆನ್ನಾಗಿ ಉಣಿಸಿ’ ಎಂದು ಕಳಿಸುವುದು ಚಿಕಿತ್ಸೆಯಲ್ಲ.