ಕಥೆ ಹೇಳೋರು ಎಲ್ಲಿ ನಿಂತವ್ರೆ?

ಪತ್ತೇದಾರಿ ಕಾದಂಬರಿ ಅಂದ್ರೆ ಕೊಲೆ ಯಾರು ಮಾಡಿದ್ರು ಅಂತ ಕೊನೇ ಪುಟದಲ್ಲಿ ಹೇಳೋದು, ಅಷ್ಟೇ ಅಂತ ಬಹಳ ಜನ ತಿಳ್ಕೊಂಡವ್ರೆ. ನನ್ನ ಲೆಕ್ಕದಲ್ಲಿ ಅದಕ್ಕಿಂತ ದೊಡ್ಡ ಪ್ರಶ್ನೆ ಒಂದೈತೆ. ಕಥೆ ಹೇಳ್ತಿರೋರು ಯಾರು, ಎಲ್ಲಿ ನಿಂತು ಹೇಳ್ತಾವ್ರೆ?

ನಮ್ಮ ದುರ್ಗದ ಓಬವ್ವನ ಕಥೇನೇ ತಗೊಳ್ರಿ. ಗಂಡ ಊಟಕ್ಕೆ ಕುಂತವ್ನೆ, ಇವಳು ನೀರಿಗೆ ಹೋಗ್ತಾಳೆ, ಕಿಂಡಿಯಾಗೆ ಸದ್ದು ಕೇಳ್ತೈತೆ. ಅವಳಿಗೆ ಕೇಳಿದಷ್ಟೇ ನಮಗೂ ಕೇಳೋದು. ಅದೇ ಕಥೇನ ಹೈದರಾಲಿಯ ಸಿಪಾಯಿ ಹೇಳಿದ್ದಿದ್ರೆ? ಕಿಂಡಿ ಅದೇ, ಒನಕೆ ಅದೇ, ಎದೆ ಹೊಡ್ಕೊಳ್ಳೋದು ಮಾತ್ರ ಬೇರೆ ಕಡೆಯಿಂದ.

ತೇಜಸ್ವಿಯವರು ಎರಡೂ ಥರ ಬರೆದು ತೋರಿಸಿದ್ದಾರೆ. ‘ಕರ್ವಾಲೊ’ದಲ್ಲಿ ‘ನಾನು’ ಅನ್ನೋನಿಗೆ ನಮಗಿಂತ ಜಾಸ್ತಿ ಏನೂ ಗೊತ್ತಿಲ್ಲ. ಹಾರೋ ಓತಿ ಹಿಂದೆ ಅವನ ಜೊತೆ ನಾವೂ ಕಾಡು ಸುತ್ತುತ್ತೀವಿ. ‘ಚಿದಂಬರ ರಹಸ್ಯ’ದಲ್ಲಿ ಅಂಗಡಿ ಅನ್ನೋ ಅಧಿಕಾರಿ ಪತ್ತೆಗೆ ಬರ್ತಾನೆ, ಆದ್ರೆ ಕಥೆ ಅವನೊಬ್ಬನ ಬೆನ್ನು ಹತ್ತಲ್ಲ. ಕೆಸರೂರಿನವರ ಮನೆಮನೆ ಹೊಕ್ಕು ಬರ್ತೈತೆ. ಅದಕ್ಕೇ ಅಲ್ಲಿ ಒಬ್ಬ ಅಪರಾಧಿ ಸಿಕ್ಕಿದ್ರೆ ಮುಗಿಯಲ್ಲ, ಊರಿಗೆ ಊರೇ ರಹಸ್ಯ.

ವಿವೇಕ ಶಾನಭಾಗರ ‘ಘಾಚರ್ ಘೋಚರ್’ (2013) ಪತ್ತೇದಾರಿ ಅಲ್ಲ. ಆದ್ರೂ ಅದರಷ್ಟು ನನ್ನ ಹೆದರಿಸಿದ ಪತ್ತೇದಾರಿ ಇಲ್ಲ ಕಣ್ರೀ. ಗಂಡ ಕಾಫಿ ಹೌಸಲ್ಲಿ ಕುಂತು ಮೆತ್ತಗೆ ಮನೆ ಕಥೆ ಹೇಳ್ತಾನೆ. ಚಿಕ್ಕಪ್ಪನ ಮಸಾಲೆ ವ್ಯಾಪಾರ, ಕೂಡಿ ಬಾಳೋ ಸಂಸಾರ. ಚಿಕ್ಕಪ್ಪನ್ನ ಹುಡುಕ್ಕೊಂಡು ಬಂದ ಹೆಂಗಸನ್ನ ಮನೆ ಹೆಂಗಸರೇ ಬೈದು ಅಟ್ಟಿದ್ದನ್ನೂ ಅದೇ ಮೆತ್ತನೆ ದನಿಯಲ್ಲೇ ಹೇಳ್ತಾನೆ. ಅದು ತಪ್ಪು ಅಂದೋಳು ಹೆಂಡ್ತಿ ಅನಿತಾ. ಕೊನೆಗೆ ಅವಳಿಗೆ ಏನಾಯ್ತು ಅನ್ನೋದು ಅವನ ಬಾಯಲ್ಲಿ ಬರಲ್ಲ, ನಾವೇ ಊಹಿಸ್ಬೇಕು. ‘ಘಾಚರ್ ಘೋಚರ್’ ಅನ್ನೋ ಮಾತು ಬಂದಿದ್ದು ಅವಳ ತವರಿಂದ. ಮಾತು ಅವಳ ಮನೇದು, ಕಥೆ ಹೇಳೋ ಬಾಯಿ ಗಂಡಂದು!

ಹಿಂಗೆ ಮುಚ್ಚಿಡೋದು ಓದೋರಿಗೆ ಮೋಸ ಅಂತಾರೆ ಕೆಲವರು. ನಾನು ಒಪ್ಪಲ್ಲ. ಬರೆಯೋರು ಮುಚ್ಚಿಡಬಹುದು, ಆದ್ರೆ ಸುಳಿವನ್ನ ನಮ್ಮ ಕಣ್ಮುಂದೆ ಇಟ್ಟಿರ್ಬೇಕು. ಶಾನಭಾಗರು ಇಟ್ಟವ್ರೆ. ಇನ್ನೊಂದ್ಸಲ ಓದಿದ್ರೆ ಇರುವೆ ಸಾಯಿಸೋ ಪುಟವೂ ಬೇರೆ ಥರ ಕಾಣ್ತೈತೆ.

ಮನೆ ಮಾತಿಗೂ ಇದೇ ಅನ್ವಯಿಸ್ತೈತೆ. “ನಮ್ಮನೇಲಿ ಎಲ್ಲಾ ಚೆನ್ನಾಗೈತೆ” ಅಂತ ಯಾರಾದ್ರೂ ಅಂದ್ರೆ, ಮಾತಾಡಿದೋರು ಯಾರು ಅಂತ ನೋಡಿ ಸುಮ್ನಾಗಬ್ಯಾಡ್ರಿ. ಅಲ್ಲೇ ಬಾಯಿ ಬಿಡದೆ ಕುಂತೋರು ಯಾರು ಅಂತಲೂ ನೋಡ್ರಿ.