ದಫ್ತರ ಕಳೆದಿರಲಿಲ್ಲ, ಸೂಚಿ ಕೆಟ್ಟಿತ್ತು

‘ಸರ್ವರ್ ಡೌನ್’ ಎಂಬ ಮಾತು ಇಂದು ಹಳ್ಳಿಯ ರೈತನಿಗೂ ಚಿರಪರಿಚಿತ. ಹಿಂದೆ ‘ಸಾಹೇಬರು ಟೂರಿನಲ್ಲಿದ್ದಾರೆ’ ಎಂಬ ಉತ್ತರಕ್ಕಿದ್ದ ಸ್ಥಾನವನ್ನು ಈಗ ಅದು ಆಕ್ರಮಿಸಿದೆ. ಎರಡರ ಫಲವೂ ಒಂದೇ: ಬಂದವನು ಬರಿಗೈಯಲ್ಲಿ ಮರಳಬೇಕು.

ಸೇವೆಯಲ್ಲಿದ್ದಾಗ ಕಲಬುರಗಿ ಸೀಮೆಯ ಒಂದು ಕಚೇರಿಯಲ್ಲಿ ನಾನು ಕಂಡ ಪ್ರಸಂಗವಿದು. ಹಿಂದಿನ ಸಂಜೆ ಯೂನಿಕ್ಸ್ ಮಾದರಿಯ ಸರ್ವರಿಗೆ ಹೊಸ ಡಿಸ್ಕೊಂದನ್ನು ಸೇರಿಸಲಾಗಿತ್ತು. ಬೆಳಿಗ್ಗೆ ಯಂತ್ರ ಅರ್ಧಕ್ಕೇ ನಿಂತಿತು. ಹೊರಗೆ ಆಳಂದ, ಅಫಜಲಪುರ, ಜೇವರ್ಗಿಗಳಿಂದ ಮೊದಲ ಬಸ್ಸಿಗೆ ಬಂದ ಜನ. ಅದು ತೊಗರಿ ರಾಶಿಯ ಕಾಲ. ಎಲ್ಲವನ್ನೂ ಅಳಿಸಿ ಹೊಸದಾಗಿ ಸ್ಥಾಪಿಸೋಣವೆಂಬ ಸಲಹೆ ಬಂತು. ನಾನು ಒಪ್ಪುವುದರಲ್ಲಿದ್ದೆ. ಗುತ್ತಿಗೆಯ ಮೇಲಿದ್ದ ಯುವ ತಂತ್ರಜ್ಞ ತಡೆದ: “ಸಾಹೇಬ್ರ, ಡಾಟಾಕ್ಕ ಏನೂ ಆಗಿಲ್ರಿ. ಮೊದ್ಲ ಆ ಪಟ್ಟಿ ನೋಡ್ತೀನ್ರಿ.”

ಆ ಪಟ್ಟಿಯ ಹೆಸರು ‘ಎಫ್‌ಎಸ್‌ಟ್ಯಾಬ್’. ಯಾವ ಡಿಸ್ಕ್ ಯಾವ ಕೋಶಕ್ಕೆ ಜೋಡಣೆಯಾಗಬೇಕು, ಅದರ ಕಡತ ವ್ಯವಸ್ಥೆಯ ಬಗೆ ಯಾವುದು, ಯಾವ ಷರತ್ತು, ಯಾವ ಸರದಿಯಲ್ಲಿ ತಪಾಸಣೆ ಎಂಬುದನ್ನೆಲ್ಲ ಲಿನಕ್ಸ್‌ನಲ್ಲಿ ಒಂದು ಸಾಲಿಗೆ 6 ಅಂಕಣಗಳಂತೆ ಬರೆದ ಸಣ್ಣ ಪಠ್ಯ ಕಡತವದು. ಪಟ್ಟಿ ತಿದ್ದುವಾಗ ದತ್ತಾಂಶದ ಡಿಸ್ಕಿನ ಗುರುತು ಸಂಖ್ಯೆಯ ಕೆಲವು ಅಕ್ಷರಗಳು ಅಳಿಸಿಹೋಗಿದ್ದವು. ಹೆಸರು ತಪ್ಪಿದ ಡಿಸ್ಕಿಗಾಗಿ ಯಂತ್ರ ಕಾದು, ಸಿಗದೆ, ದುರಸ್ತಿ ಸ್ಥಿತಿಯಲ್ಲಿ ನಿಂತಿತ್ತು.

ಆತ ಮೂಲ ವಿಭಾಗವನ್ನು ಬರೆಯಬಲ್ಲ ಸ್ಥಿತಿಗೆ ತಂದ. ಪಟ್ಟಿಯ ಒಂದು ನಕಲು ತೆಗೆದಿಟ್ಟ. ಡಿಸ್ಕುಗಳ ನಿಜವಾದ ಸಂಖ್ಯೆಗಳನ್ನು ಯಂತ್ರದಿಂದಲೇ ಕೇಳಿ ತಿಳಿದು, ಕೆಟ್ಟ ಸಾಲನ್ನು ಸರಿಪಡಿಸಿದ. ಮರುಚಾಲನೆಗೆ ಮೊದಲು, ಪಟ್ಟಿಯಂತೆ ಎಲ್ಲ ಡಿಸ್ಕುಗಳೂ ಜೋಡಣೆಯಾಗುತ್ತವೆಯೇ ಎಂದು ‘ಮೌಂಟ್’ ಆದೇಶದಿಂದ ಪರೀಕ್ಷಿಸಿದ. ಕಾಲು ಗಂಟೆಯಲ್ಲಿ ಕೆಲಸ ಮುಗಿಯಿತು. ನನ್ನ ಒಪ್ಪಿಗೆ ಕ್ಷಣ ಮೊದಲೇ ಬಂದಿದ್ದರೆ, ಸುರಕ್ಷಿತವಾಗಿದ್ದ ದಾಖಲೆಗಳನ್ನು ನಾವೇ ಅಳಿಸುತ್ತಿದ್ದೆವು.

ಹಳೆಯ ರೆಕಾರ್ಡ್ ರೂಮುಗಳನ್ನು ಬಲ್ಲವರಿಗೆ ಇದು ಹೊಸತಲ್ಲ. ನಿಜಾಮರ ಕಾಲದ ಉರ್ದು ಕಾಗದಗಳಿಂದ ಹಿಡಿದು ಎಲ್ಲ ದಫ್ತರಗಳೂ ಕಪಾಟಿನಲ್ಲಿರುತ್ತಿದ್ದವು; ಸೂಚಿ ಪುಸ್ತಕ ಕಾಣೆಯಾದರೆ ಇದ್ದೂ ಇಲ್ಲದಂತೆ. ಆದರೆ ಅಂದು ಮುದುಕ ಗುಮಾಸ್ತನೊಬ್ಬ ನೆನಪಿನಿಂದಲೇ ಹುಡುಕಿಕೊಡುತ್ತಿದ್ದ. ಯಂತ್ರಕ್ಕೆ ಅಂಥ ನೆನಪಿಲ್ಲ.

2000ದ ಆಸುಪಾಸಿನಲ್ಲಿ ಬಂದ ‘ಭೂಮಿ’ ಯೋಜನೆ ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳನ್ನು ಗಣಕಕ್ಕೇರಿಸಿ, ಕೈಬರಹದ ಪಹಣಿಯ ಯುಗವನ್ನು ಮುಗಿಸಿತು. ಅದು ಹೆಮ್ಮೆಯ ಸಾಧನೆ. ಆದರೆ ಕಾಗದದ ಹಾದಿಯನ್ನು ಮುಚ್ಚಿದ ಮೇಲೆ ಯಂತ್ರದ ಹಾದಿಯನ್ನು ಸದಾ ತೆರೆದಿಡುವುದು ಸರ್ಕಾರದ ಹೊಣೆ. ಅರ್ಥಶಾಸ್ತ್ರ ಓದಿದವನಾಗಿ ಹೇಳುವುದಾದರೆ, ಸರ್ವರ್ ನಿಂತ ದಿನದ ನಷ್ಟ ಯಾವ ಇಲಾಖೆಯ ಲೆಕ್ಕದಲ್ಲೂ ಬರುವುದಿಲ್ಲ. ಬಸ್ ಚಾರ್ಜು, ಒಂದು ದಿನದ ಕೂಲಿ, ಕೈತಪ್ಪಿದ ಸಾಲ ಇವೆಲ್ಲ ರೈತನ ಖಾತೆಗೇ ಖರ್ಚು ಬೀಳುತ್ತವೆ.

ಪರಿಹಾರಕ್ಕೆ ದೊಡ್ಡ ಟೆಂಡರು ಬೇಕಿಲ್ಲ. ಪ್ರತಿ ಸರ್ವರಿನ ಪಟ್ಟಿಯ ಮುದ್ರಿತ ಪ್ರತಿ ಕಚೇರಿಯ ಬೀರುವಿನಲ್ಲಿರಲಿ. ಪಟ್ಟಿ ತಿದ್ದಿದವರು ಅಲ್ಲೇ ಪರೀಕ್ಷಿಸಿ, ಯಂತ್ರ ಮರಳಿ ಏಳುವುದನ್ನು ಕಣ್ಣಾರೆ ಕಂಡ ಮೇಲೆಯೇ ಮನೆಗೆ ಹೋಗಲಿ. ಸ್ಥಳದಲ್ಲೇ ದುರಸ್ತಿ ಮಾಡಬಲ್ಲ, ಮಾಡುವ ಅಧಿಕಾರವೂ ಇರುವ ಒಬ್ಬ ನೌಕರನಿರಲಿ. ಕಿಟಕಿಯ ಮೇಲೆ ‘ಸರ್ವರ್ ಡೌನ್’ ಎಂದಷ್ಟೇ ಬರೆಯದೆ, ಕಾರಣವನ್ನೂ ಸರಿಯಾಗುವ ಸಮಯವನ್ನೂ ಬರೆಯಲಿ.

ಆ ದಿನ ಹನ್ನೊಂದಕ್ಕೆ ಕಿಟಕಿ ತೆರೆಯಿತು. ಕಾದವರಲ್ಲಿ ಯಾರಿಗೂ ಏನಾಗಿತ್ತೆಂದು ನಾವು ಹೇಳಲಿಲ್ಲ. ಹೇಳಬೇಕಿತ್ತೆಂದು ಈಗ ಅನ್ನಿಸುತ್ತದೆ.