ಕೊಲಾಜೆನ್ ಡಬ್ಬಿ ಪ್ರಾಣಿಯ ಹೆಸರು ಹೇಳಲಿ

ಮೊಣಕಾಲು ನೋವಿಗೆ, ಮುಖದ ಸುಕ್ಕಿಗೆ ಎಂದು ಕೊಲಾಜೆನ್ ಪುಡಿ ಹುಡುಕುವವರ ಮುಂದೆ ಮಾರುಕಟ್ಟೆ ಒಂದು ಪೈಪೋಟಿ ಹೂಡಿದೆ: ಮೀನಿನದು ಮೇಲೋ, ದನದ್ದು ಮೇಲೋ? ಮೀನಿನ ಪುಡಿ ಬೇಗ ಮೈಗೆ ಹತ್ತುತ್ತದೆ ಎಂಬ ಮಾತಿನ ಮೇಲೆ ಅದರ ಬೆಲೆಯೂ ಏರುತ್ತದೆ. ಈ ಮಾತಿನಲ್ಲಿ ಹುರುಳು ಕಡಿಮೆ. ಮೀನಿನ ಚರ್ಮದಲ್ಲಿರುವುದು ಬಹುಪಾಲು ಒಂದನೇ ಬಗೆಯ ಕೊಲಾಜೆನ್. ದನದ ಚರ್ಮದಲ್ಲಿ ಅದರ ಜೊತೆ ಮೂರನೇ ಬಗೆಯದೂ ಇದೆ. ಆದರೆ ಕಾರ್ಖಾನೆಯಲ್ಲಿ ಕಿಣ್ವ ಬೆರೆಸಿ ಪೆಪ್ಟೈಡ್‌ಗಳಾಗಿ ತುಂಡರಿಸುವಾಗಲೇ ಎರಡೂ ಬಗೆಯ ಕೊಲಾಜೆನ್ ಎಳೆಗಳ ಹೆಣಿಗೆ ಬಿಚ್ಚಿಹೋಗಿರುತ್ತದೆ. ತುಂಡು ಎಷ್ಟು ಚಿಕ್ಕದಾಗಬೇಕು ಎಂಬುದನ್ನು ಮುಖ್ಯವಾಗಿ ನಿರ್ಧರಿಸುವುದು ಈ ಸಂಸ್ಕರಣೆಯೇ ಹೊರತು ಪ್ರಾಣಿಯಲ್ಲ. ಕರುಳಿನಲ್ಲಿ ಎರಡೂ ಅಮೈನೋ ಆಮ್ಲಗಳಾಗಿ, ಕಿರು ಪೆಪ್ಟೈಡ್‌ಗಳಾಗಿ ರಕ್ತ ಸೇರುತ್ತವೆ. ಎರಡರಲ್ಲೂ ಟ್ರಿಪ್ಟೋಫ್ಯಾನ್ ಎಂಬ ಅಗತ್ಯ ಅಮೈನೋ ಆಮ್ಲ ಇಲ್ಲ. ಹಾಗಾಗಿ ಪ್ರೋಟೀನ್ ಕೊಡುವ ಬೇಳೆ, ಹಾಲು, ಮೊಟ್ಟೆಯ ಜಾಗವನ್ನು ಯಾವುದೂ ತುಂಬಲಾರದು.

ಗುಣ ಕಂಡ ಪ್ರಯೋಗಗಳಿವೆಯಲ್ಲ ಎಂದು ಕೇಳಬಹುದು. ಇವೆ. 23 ಪ್ರಯೋಗಗಳನ್ನು, 1474 ಜನರ ಫಲಿತಾಂಶವನ್ನು ಒಟ್ಟುಗೂಡಿಸಿದ ವಿಶ್ಲೇಷಣೆಯೊಂದು 2025ರಲ್ಲಿ ‘ಅಮೆರಿಕನ್ ಜರ್ನಲ್ ಆಫ್ ಮೆಡಿಸಿನ್’ನಲ್ಲಿ ಪ್ರಕಟವಾಯಿತು. ಎಲ್ಲವನ್ನೂ ಸೇರಿಸಿ ನೋಡಿದಾಗ ಚರ್ಮದ ತೇವ, ಬಿಗಿ, ಸುಕ್ಕು ಮೂರರಲ್ಲೂ ಸುಧಾರಣೆ ಕಂಡಿತು. ಕಂಪನಿಗಳ ಹಣವಿಲ್ಲದೆ ನಡೆದ ಪ್ರಯೋಗಗಳನ್ನಷ್ಟೇ ಬೇರ್ಪಡಿಸಿದಾಗ ಆ ಲಾಭ ಮಾಯವಾಯಿತು. ಕೀಲುಗಳ ವಿಷಯದಲ್ಲೂ ಅಷ್ಟೆ: ನೋವು ತುಸು ಇಳಿದದ್ದನ್ನು ತೋರಿಸಿದ ಅಧ್ಯಯನಗಳಿದ್ದರೂ, ಕೊಲಾಜೆನ್ ಹೈಡ್ರೊಲೈಸೇಟ್ (ಹೀಗೆ ತುಂಡರಿಸಿದ ಕೊಲಾಜೆನ್) ಕೀಲುಗಳನ್ನು ಕಾಪಾಡುತ್ತದೆ ಎಂಬ ಹೇಳಿಕೆಗೆ ಕಾರ್ಯಕಾರಣ ಸಂಬಂಧ ಸಿದ್ಧವಾಗಿಲ್ಲವೆಂದು ಐರೋಪ್ಯ ಆಹಾರ ಸುರಕ್ಷತಾ ಪ್ರಾಧಿಕಾರ 2011ರಲ್ಲೇ ಹೇಳಿತ್ತು. ಕೊಲಾಜೆನ್ನಿನ ಲಾಭವೇ ಹೀಗೆ ತೂಗುಯ್ಯಾಲೆಯಲ್ಲಿರುವಾಗ ಮೀನಿನದಕ್ಕೆ ಹೆಚ್ಚು ದುಡ್ಡು ತೆರುವುದರಲ್ಲಿ ಅರ್ಥವಿಲ್ಲ.

ಹಾಗಾದರೆ ಮೂಲ ಯಾವುದಾದರೇನು ಎನ್ನುವಂತೆಯೂ ಇಲ್ಲ. ಮೀನಿನ ಅಲರ್ಜಿ ಇರುವವರಿಗೆ ಮೀನಿನ ಪುಡಿ ಅಪಾಯ ತರಬಹುದು. ದನದ ಮಾಂಸ ಮುಟ್ಟದವರಿಗೆ, ಹಂದಿ ನಿಷಿದ್ಧವಾದವರಿಗೆ ಇದು ನಂಬಿಕೆಯ ಪ್ರಶ್ನೆ. ನಮ್ಮಲ್ಲಿ ಮಾಂಸಾಹಾರದ ಗುರುತಾದ ಕಂದು ತ್ರಿಕೋನ ಮೀನು, ದನ, ಹಂದಿ ಮೂರಕ್ಕೂ ಒಂದೇ. ಅಲರ್ಜಿಯ ಕಾರಣಕ್ಕೆ ಮೀನನ್ನು ಹೆಸರಿಸಬೇಕೆಂಬ ನಿಯಮವಿದೆ. ಆದರೆ ಬರೀ ‘ಹೈಡ್ರೊಲೈಸ್ಡ್ ಕೊಲಾಜೆನ್’ ಎಂದು ಓದಿದವರಿಗೆ ಅದು ದನದ್ದೋ ಹಂದಿಯದೋ ತಿಳಿಯುವುದಿಲ್ಲ. ಮೀನಿನ ಕೊಲಾಜೆನ್ ತುಂಬಿದ ಕ್ಯಾಪ್ಸೂಲಿನ ಹೊರಕವಚ ದನದ ಜೆಲಾಟಿನ್ ಆಗಿರಲೂಬಹುದು. ಸಸ್ಯಾಹಾರಿಗಳಿಗೆಂದು ಮಾರುವ ‘ಸಸ್ಯ ಕೊಲಾಜೆನ್’ ಕತೆ ಇನ್ನೊಂದು ಬಗೆ: ಗಿಡಗಳಲ್ಲಿ ಕೊಲಾಜೆನ್ನೇ ಇಲ್ಲ. ಅಂಥವುಗಳಲ್ಲಿ ಸಾಮಾನ್ಯವಾಗಿ ಇರುವ ಸಿ ವಿಟಮಿನ್ ನೆಲ್ಲಿಕಾಯಿ, ಸೀಬೆಹಣ್ಣಿನಲ್ಲಿ ಅಗ್ಗವಾಗಿ ಸಿಗುತ್ತದೆ.

ಕಚ್ಚಾ ಮಾಲು ಆಗಾಗ ಬದಲಾಗುತ್ತದೆ, ಪ್ರತಿ ಸಲ ಮೂಲ ಮುದ್ರಿಸುವುದು ಕಷ್ಟ ಎಂದು ತಯಾರಕರು ಹೇಳಬಹುದು. ಪ್ರತಿ ಡಬ್ಬಿಗೂ ಬ್ಯಾಚ್ ಸಂಖ್ಯೆ, ತಯಾರಿಕೆಯ ದಿನಾಂಕ ಒತ್ತುವವರಿಗೆ ಪ್ರಾಣಿಯ ಹೆಸರು ಒತ್ತುವುದು ಭಾರವಲ್ಲ. ಪುಡಿಯ ಮತ್ತು ಕವಚದ ಮೂಲ ಡಬ್ಬಿಯ ಮುಂಭಾಗದಲ್ಲೇ ಕಾಣಬೇಕೆಂದು ದೇಶದ ಆಹಾರ ನಿಯಂತ್ರಕ ಸಂಸ್ಥೆ ಎಫ್‌ಎಸ್‌ಎಸ್‌ಎಐ ಕಡ್ಡಾಯ ಮಾಡಲಿ. ಅಲ್ಲಿಯವರೆಗೆ, ಮೂಲ ಹೇಳದ ಡಬ್ಬಿಯನ್ನು ಗ್ರಾಹಕರು ಅಂಗಡಿಯಲ್ಲೇ ಬಿಟ್ಟು ಬರುವುದು ಒಳ್ಳೆಯದು.